ಬೆಂಗಳೂರು ಶಾಸನ, ಒಂದು ಅಡಿಟಿಪ್ಪಣಿ: ಲೈಬ್ರರಿಯಲ್ಲಿ ನಡೆದ ಒಂದು ಹುಡುಕಾಟದ ಪ್ರಕರಣ ಅಧ್ಯಯನ

ಕೇಸ್ ಕೇಳೋಕೆ ತುಂಬಾ ಚಿಕ್ಕದು. ಹಿಸ್ಟರಿ ಎಂಎ ಫೈನಲ್ ಇಯರ್ ಹುಡುಗ, ಡಿಸರ್ಟೇಶನ್ ವಿಷಯ ಗಂಗರ ಕಾಲದ ಬೇಗೂರು ಸೀಮೆ. ಎರಡನೇ ಅಧ್ಯಾಯದಲ್ಲಿ ಅವನು ಬರ್ದಿದ್ದ ಒಂದೇ ಒಂದು ವಾಕ್ಯ: ‘ಬೆಂಗಳೂರು ಎಂಬ ಹೆಸರು ಕ್ರಿ.ಶ. 890ರ ಬೇಗೂರು ಶಾಸನದಲ್ಲಿ ಮೊದಲ ಬಾರಿಗೆ ಕಾಣಿಸುತ್ತದೆ.’ ಕೆಳಗೆ ಅಡಿಟಿಪ್ಪಣಿಯಲ್ಲಿ ಒಂದು ವೆಬ್ ಲಿಂಕು. ಗೈಡ್ ಆ ಸಾಲಿಗೆ ಕೆಂಪು ಇಂಕಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಮೂರು ಪ್ರಶ್ನೆ ಬರ್ದಿದ್ರು: ಯಾವ ಶಾಸನ? ಎಲ್ಲಿ ಪ್ರಕಟ ಆಗಿದೆ? ನೀನು ನೋಡಿದ್ದೀಯಾ?

ನಾನು ಯುನಿವರ್ಸಿಟಿ ಲೈಬ್ರರಿಯ ರೆಫರೆನ್ಸ್ ಸೆಕ್ಷನ್‌ನಲ್ಲಿ ಇರೋಳು. ಹುಡುಗ ಆ ಹಾಳೆ ಹಿಡ್ಕೊಂಡು ಬಂದು ‘ಮೇಡಂ ಒಂದು ರೆಫರೆನ್ಸ್ ಬೇಕಿತ್ತು, ಐದು ನಿಮಿಷದ ಕೆಲಸ’ ಅಂದ. ಐದು ನಿಮಿಷದಲ್ಲಿ ಆಗೋದೇನಲ್ಲ ಅದು, ಆದ್ರೆ ಯಾಕೆ ಆಗಲ್ಲ ಅನ್ನೋದೇ ಈ ಬರಹದ ವಿಷ್ಯ. ಹುಡುಗನ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಬಿಟ್ಟಿದೀನಿ.

ಮೊದಲು ಅವನ ಹತ್ರ ಏನೇನಿತ್ತು ನೋಡಿದ್ವಿ. ಒಂದು ವೆಬ್ ಪುಟ, ಅದರಲ್ಲಿ ಶಾಸನದ ಬಗ್ಗೆ ಎರಡು ಸಾಲು, ಅದಕ್ಕೆ ಮೂಲ ಅಂತ ಒಂದು ಪತ್ರಿಕೆ ಸುದ್ದಿ. ಆ ಸುದ್ದೀಲಿ ಎಪಿಗ್ರಾಫಿಯಾ ಕರ್ನಾಟಿಕಾ (ಶಾಸನಗಳನ್ನ ಒಟ್ಟುಗೂಡಿಸಿ ಅಚ್ಚು ಹಾಕಿರೋ ಸಂಪುಟಗಳ ಸಾಲು) 10ನೇ ಸಂಪುಟ, ಪೂರಕ ಅಂತ ಇತ್ತು, ಇಂಟರ್ನೆಟ್ಟಲ್ಲಿ ಎಲ್ಲಾ ಕಡೆ ಓಡಾಡ್ತಿರೋ ಉಲ್ಲೇಖನೇ ಅದು, ಪುಟ ನೋಡಿದವರು ಯಾರು ಅಂತ ಮಾತ್ರ ಎಲ್ಲೂ ಇಲ್ಲ. ಮತ್ತೊಂದು ಫೋಟೋ, ಅದ್ಭುತವಾದ ವೀರಗಲ್ಲು, ಆನೆ ಕುದುರೆ ಕತ್ತಿ ಈಟಿ ಎಲ್ಲಾ ಕಿಕ್ಕಿರಿದ ಯುದ್ಧದ ದೃಶ್ಯ, ಕೆಳಗೆ ‘ಬೇಗೂರು ಶಾಸನ’ ಅಂತ ಅವನೇ ಕ್ಯಾಪ್ಶನ್ ಕೊಟ್ಟಿದ್ದ. ಆ ಫೋಟೋ ಬೆಂಗಳೂರು ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿರೋ ಕಲ್ಲಿಂದು. ಜೊತೆಗೆ ಒಂದು ಎಐ ಚಾಟ್‌ನ ಕೇಳಿ ತಗೊಂಡಿದ್ದ ಉಲ್ಲೇಖ: ಮಿಥಿಕ್ ಸೊಸೈಟಿಯ ಜರ್ನಲ್‌ನಲ್ಲಿ ಪ್ರಕಟವಾದ ಲೇಖನ ಅಂತೆ, ಲೇಖಕರ ಹೆಸರು ಸಂಪುಟ ಸಂಚಿಕೆ ಪುಟ ಎಲ್ಲಾ ನೀಟಾಗಿ ಇದೆ.

ಆ ಕೊನೇದನ್ನ ಮೊದಲು ಮುಗಿಸಿದ್ವಿ. ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾದ ಸಂಸ್ಥೆ, ಅವರ ತ್ರೈಮಾಸಿಕ ಪತ್ರಿಕೆ ನಮ್ಮ ಪೀರಿಯಾಡಿಕಲ್ಸ್ ಸೆಕ್ಷನ್‌ನಲ್ಲಿ ಬೌಂಡ್ ವಾಲ್ಯೂಮ್ ಆಗಿ ಇದೆ. ಆ ಸಂಪುಟ ತೆಗೆದ್ವಿ, ಆ ಪುಟದಲ್ಲಿ ಬೇರೇನೋ ಲೇಖನ ಇತ್ತು. ಒಳಪುಟದ ಪರಿವಿಡಿ ನೋಡಿದ್ವಿ, ಹಿಂದಿನ ಮುಂದಿನ ಸಂಪುಟ ನೋಡಿದ್ವಿ, ಅಂಥ ಲೇಖನನೇ ಇಲ್ಲ. ಹುಡುಗನ ಮುಖ ಸಪ್ಪಗಾಯ್ತು, ‘ಇಷ್ಟು ಕರೆಕ್ಟಾಗಿ ಪುಟ ನಂಬರ್ ಕೊಟ್ಟಿತ್ತಲ್ಲ ಮೇಡಂ’ ಅಂದ. ಈಗಿನ ಹುಡುಗ್ರು ತರೋ ಪಟ್ಟೀಲಿ ಇಂಥವು ಒಂದೆರಡು ಇದ್ದೇ ಇರ್ತವೆ, ಪುಟ ನಂಬರ್ ಇದ್ದಷ್ಟೂ ನನಗೆ ಅನುಮಾನ ಜಾಸ್ತಿ. ರ‍್ಯಾಕ್ ಹತ್ರ ಹೋಗಿ ಸಂಪುಟ ತೆಗೆದು ಪುಟ ತಿರುಗಿಸೋದು ಬಿಟ್ರೆ ಇದಕ್ಕೆ ಬೇರೆ ಪರೀಕ್ಷೆ ಇಲ್ಲ.

ಈಗ 10ನೇ ಸಂಪುಟ. ಹುಡುಗ ಲೈಬ್ರರಿಯ ಕಂಪ್ಯೂಟರ್ ಕ್ಯಾಟಲಾಗ್ ಆದ ಓಪ್ಯಾಕ್‌ನಲ್ಲಿ ಕನ್ನಡದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಟೈಪ್ ಮಾಡ್ದ, ಸೊನ್ನೆ. ಇಂಗ್ಲಿಷ್‌ನಲ್ಲಿ ‘ಕೆ’ ಅಕ್ಷರದಿಂದ ಕರ್ನಾಟಿಕಾ ಟೈಪ್ ಮಾಡ್ದ, ಮತ್ತೆ ಸೊನ್ನೆ. ಪುಸ್ತಕದ ಮೇಲೆ ಅಚ್ಚಾಗಿರೋದು ‘ಸಿ’ಯಿಂದ ಶುರುವಾಗೋ ಹಳೇ ಸ್ಪೆಲಿಂಗು, ಕ್ಯಾಟಲಾಗ್ ಮಾಡೋರು ಮುಖಪುಟದಲ್ಲಿ ಏನಿದೆಯೋ ಅದನ್ನೇ ಇಳಿಸ್ತಾರೆ, ಯಂತ್ರಕ್ಕೆ ಕನ್ನಡಿಗರು ಹೇಗೆ ಬರೀತಾರೆ ಅಂತ ಗೊತ್ತಿರಲ್ಲ. ಹಾಗಾಗಿ ಹಳೇ ಪುಸ್ತಕ ಹುಡುಕುವಾಗ ಶೀರ್ಷಿಕೆಗಿಂತ ಲೇಖಕರ ಹೆಸರಿಂದ ಹೋಗೋದು ವಾಸಿ. ಈ ಸಂಪುಟಗಳನ್ನ ಸಂಪಾದಿಸಿದ ರೈಸ್ ಹೆಸರು ಕೊಟ್ರೆ ಸಾಲಾಗಿ ಬಂತು, ಆದ್ರೆ ಅಲ್ಲೂ ಇಬ್ಬರು ರೈಸ್ ಇದಾರೆ, ಒಬ್ಬರು ಶಾಸನದ ಬಿ.ಎಲ್. ರೈಸ್, ಇನ್ನೊಬ್ಬರು ಕನ್ನಡ ಸಾಹಿತ್ಯದ ಇತಿಹಾಸ ಇಂಗ್ಲಿಷ್‌ನಲ್ಲಿ ಬರೆದ ಇ.ಪಿ. ರೈಸ್, ಇನಿಶಿಯಲ್ ನೋಡದೆ ಬಿಬ್ಲಿಯೋಗ್ರಫಿಗೆ ಹಾಕ್ಕೊಂಡ್ರೆ ಇಬ್ಬರೂ ಒಬ್ಬರೇ ಆಗಿಬಿಡ್ತಾರೆ. ಪುಸ್ತಕ ಯಾವ ರ‍್ಯಾಕಲ್ಲಿದೆ ಅಂತ ಹೇಳೋ ಕಾಲ್ ನಂಬರ್ ಸಿಕ್ತು. ವಿಷಯವಾರು ಪುಸ್ತಕ ಜೋಡಿಸೋ ಡ್ಯೂಯಿ ಪದ್ಧತೀಲಿ ಕರ್ನಾಟಕ ಇತಿಹಾಸಕ್ಕೆ 954.87, ಆ ನಂಬರ್ ಹುಡುಗನಿಗೆ ಬಾಯಿಪಾಠ, ನೇರ ಅಲ್ಲಿಗೆ ಹೋಗಿ ನಿಂತಿದ್ದ. ಆದ್ರೆ ಶಾಸನ ಸಂಪುಟಗಳು ನಮ್ಮಲ್ಲಿ ಅಲ್ಲಿಲ್ಲ, ರೆಫರೆನ್ಸ್‌ನಲ್ಲಿ ಶಾಸನಶಾಸ್ತ್ರದ ಜಾಗದಲ್ಲಿ ಇವೆ, ಹೊರಗೆ ಕೊಡಲ್ಲ, ಕೂತೇ ಓದ್ಬೇಕು.

10ನೇ ಸಂಪುಟ ತೆಗೆದ್ರೆ ಅದು ಕೋಲಾರ ಜಿಲ್ಲೆ! ರೈಸ್ ಅವರ ಸಂಪುಟಗಳು ಜಿಲ್ಲೆವಾರು. 1ನೇದು ಕೊಡಗು, 2 ಶ್ರವಣಬೆಳಗೊಳ, 9ನೇದು ಬೆಂಗಳೂರು ಜಿಲ್ಲೆ, 10 ಕೋಲಾರ, ಈ ಎರಡೂ 1905ರಲ್ಲಿ ಬಂದವು. ವೆಬ್ಬಿನಲ್ಲಿ ಓಡಾಡ್ತಿರೋ ಉಲ್ಲೇಖದಲ್ಲಿ ‘ಪೂರಕ’ ಅನ್ನೋ ಮಾತಿದೆ, ಅದು ಮೂಲ ಸಂಪುಟ ಅಲ್ಲ, ಆಮೇಲೆ ಸೇರಿಸಿದ್ದು, ಬೇರೆ ಬೈಂಡ್ ಆಗಿರೋದು. ಅದು ನಮ್ಮ ಲೈಬ್ರರೀಲಿ ಇಲ್ಲ. ಹುಡುಗ ಕೇಳಿದ, ‘ಇಲ್ದಿದ್ರೆ ಏನ್ಮಾಡೋದು, ಹಂಗೇ 10, ಪೂರಕ ಅಂತ ಹಾಕ್ಬಿಡ್ಲಾ?’ ಹಾಕ್ಬಹುದು, ಯಾರೂ ಹಿಡಿಯಲ್ಲ. ಆದ್ರೆ ಗೈಡ್‌ನ ಮೂರನೇ ಪ್ರಶ್ನೆ ಇದ್ಯಲ್ಲ, ನೋಡಿದ್ದೀಯಾ ಅಂತ, ಅದಕ್ಕೆ ಉತ್ತರ ಸುಳ್ಳಾಗುತ್ತೆ.

ಸರಿ ಅಂತ ಬೆಂಗಳೂರು ಜಿಲ್ಲೆಯ 9ನೇ ಸಂಪುಟಕ್ಕೆ ಬಂದ್ವಿ. ಇದನ್ನ ಬಳಸೋದೇ ಒಂದು ವಿದ್ಯೆ. ಸಂಪುಟದಲ್ಲಿ ತಾಲ್ಲೂಕುವಾರು ಶಾಸನಗಳು, ಪ್ರತಿ ತಾಲ್ಲೂಕಿಗೂ ಚಿಕ್ಕ ಗುರುತು, ಆಮೇಲೆ ಕ್ರಮಸಂಖ್ಯೆ. ತಾಲ್ಲೂಕುಗಳೂ ಆ ಕಾಲದ್ದೇ, ರಾಮನಗರ ಅಂತ ಹುಡುಕಿದ್ರೆ ಸಿಗಲ್ಲ, ಅದು ಅಲ್ಲಿ ಕ್ಲೋಸ್‌ಪೇಟೆ, ಕನಕಪುರ ಅಲ್ಲಿ ಕಾನ್ಕಾನಹಳ್ಳಿ. ಬೇಗೂರು ಬೆಂಗಳೂರು ತಾಲ್ಲೂಕಿನೊಳಗೆ. ಇನ್ನೊಂದು ತೊಡಕು, ಅದೇ ಸಂಪುಟದಲ್ಲಿ ಒಂದೇ ಶಾಸನ ಮೂರು ಕಡೆ ಬರುತ್ತೆ: ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಲಿಪಿಯ ಪಾಠ ಇನ್ನೊಂದು ಕಡೆ, ಕನ್ನಡ ಲಿಪಿಯ ಪಾಠ ಮತ್ತೊಂದು ಕಡೆ, ಮತ್ತೆ ಆ ಭಾಗಗಳ ಪುಟಸಂಖ್ಯೆ ಬೇರೆ ಬೇರೆ ಶುರುವಾಗುತ್ತೆ. ಪುಟ 20 ಅಂದ್ರೆ ಯಾವ 20? ಹಾಗಾಗಿ ಶಾಸನ ಓದೋರು ಪುಟ ಹಾಕಲ್ಲ, ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಹಾಕ್ತಾರೆ. ಎ.ಕ. 9, ಬೆಂ. 83, ಅಷ್ಟೇ. ಇದನ್ನ ಓದಿದ ಯಾರೇ ಆದ್ರೂ ಯಾವ ಊರಿನ ಲೈಬ್ರರೀಲಿ ಕೂತಿದ್ರೂ ಅದೇ ಕಲ್ಲಿಗೆ ಬರ್ತಾರೆ.

ಉದಾಹರಣೆಗೆ ಅಂತ ಸುಮ್ನೆ 83 ಹೇಳಿದ್ದಲ್ಲ, ಅದೇ ಬೇಗೂರಿನ ಪ್ರಸಿದ್ಧ ವೀರಗಲ್ಲು. ಹುಡುಗ ಅದನ್ನ ನೋಡಿದ್ದೇ ತಡ ‘ಸಿಕ್ತು!’ ಅಂತ ನೋಟ್‌ಬುಕ್ಕಿಗೆ ಇಳಿಸ್ಕೊಂಡ, ಬ್ಯಾಗ್ ಕೂಡ ಎತ್ಕೊಂಡ. ‘ಒಂದ್ಸಲ ಪಾಠ ಓದಪ್ಪ, ಬೆಂಗಳೂರು ಅನ್ನೋ ಹೆಸರು ಯಾವ ಸಾಲಲ್ಲಿದೆ ತೋರ್ಸು’ ಅಂದೆ. ಓದ್ದ. ಇನ್ನೊಂದ್ಸಲ ಓದ್ದ. ಇಲ್ಲ.

ಆ ಕಲ್ಲಿನ ಕತೆ ಬೇರೆ. ಗಂಗ ರಾಜ ಎರೆಯಪ್ಪನ ಕಾಲ. ಅವನ ಪರವಾಗಿ ನಾಗತ್ತರ ಅನ್ನೋನು ಸೈನ್ಯ ತಗೊಂಡು ಅಯ್ಯಪದೇವನ ಬೆಂಬಲಕ್ಕೆ ಹೋಗ್ತಾನೆ, ಎದುರಾಳಿ ವೀರಮಹೇಂದ್ರ, ತುಂಬೆಪಾಡಿ ಅನ್ನೋ ಜಾಗದಲ್ಲಿ ಕಾಳಗ, ನಾಗತ್ತರ ಅಲ್ಲಿ ಸಾಯ್ತಾನೆ. ಆಮೇಲೆ ಎರೆಯಪ್ಪ ಇರುಗ ಅನ್ನೋನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡು ಹಳ್ಳಿಗಳನ್ನ ಕೊಡ್ತಾನೆ. ಈ ಕಲ್ಲನ್ನೇ ಶಾಸನತಜ್ಞ ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾ ಅನ್ನೋ ಶಾಸನ ಪತ್ರಿಕೆಯ 6ನೇ ಸಂಪುಟದಲ್ಲೂ ಸಂಪಾದನೆ ಮಾಡಿದಾರೆ, ಮ್ಯೂಸಿಯಂನಲ್ಲಿ ಇರೋದೂ ಇದೇ, ಫೋಟೋ ಚೆಂದ ಬರುತ್ತೆ, ಅದಕ್ಕೇ ‘ಬೇಗೂರು ಶಾಸನ’ ಅಂದ ತಕ್ಷಣ ಎಲ್ಲರಿಗೂ ಇದೇ ಕಲ್ಲು ಕಣ್ಮುಂದೆ ಬರೋದು.

ಬೆಂಗಳೂರು ಹೆಸರಿರೋ ಕಲ್ಲು ಅದಲ್ಲ. ಅದು ಬೇಗೂರಿನಲ್ಲೇ ಇದೆ, ನಾಗೇಶ್ವರ ದೇವಸ್ಥಾನದಲ್ಲಿ. ಕೆಲವೇ ಸಾಲಿನ ಚಿಕ್ಕ ಬರಹ, ಅದರಲ್ಲಿ ‘ಬೆಂಗಳೂರ ಕಾಳಗ’ದಲ್ಲಿ ನಾಗತ್ತರನ ಮಗ ಬುಟ್ಟಣ ಸೆಟ್ಟಿ ಸತ್ತ ಅನ್ನೋ ಸುದ್ದಿ. ಊರು ಒಂದೇ, ಕಾಲ ಹೆಚ್ಚುಕಮ್ಮಿ ಒಂದೇ, ನಾಗತ್ತರ ಅನ್ನೋ ಹೆಸರು ಎರಡರಲ್ಲೂ ಇದೆ, ಎರಡರಲ್ಲೂ ಕಾಳಗ, ಸಾವು. ಗೊಂದಲ ಆಗ್ದೆ ಇರುತ್ತಾ? ಹುಡುಗನ ವಾಕ್ಯ ಒಂದು ಕಲ್ಲಿನದು, ಫೋಟೋ ಇನ್ನೊಂದು ಕಲ್ಲಿನದು, ಅಡಿಟಿಪ್ಪಣಿ ಕೋಲಾರ ಜಿಲ್ಲೆಯದು. ಮೂರೂ ಒಂದೇ ಪುಟದಲ್ಲಿ. ಗೈಡ್‌ಗೆ ಇದು ಗೊತ್ತಿತ್ತು ಅಂತ ಆಮೇಲೆ ಗೊತ್ತಾಯ್ತು, ಅದಕ್ಕೇ ಮೊದಲನೇ ಪ್ರಶ್ನೆ ‘ಯಾವ ಶಾಸನ’ ಅಂತ ಇದ್ದಿದ್ದು.

ಇಲ್ಲಿಂದ ಮುಂದೆ ಹುಡುಕೋದಕ್ಕೆ ಬೇಕಾಗಿದ್ದು ಸರ್ಚ್ ಬಾಕ್ಸ್ ಅಲ್ಲ, ಇಸವಿಯ ಲೆಕ್ಕ. ದೇವಸ್ಥಾನದ ಆ ಬರಹವನ್ನ ಗುರುತಿಸಿದ್ದು ಆರ್. ನರಸಿಂಹಾಚಾರ್, 1915ರಲ್ಲಿ. ರೈಸ್ ಸಂಪುಟ ಬಂದಿದ್ದು 1905. ಹತ್ತು ವರ್ಷ ಆದ್ಮೇಲೆ ಸಿಕ್ಕಿದ್ದು ಮೊದಲೇ ಅಚ್ಚಾದ ಪುಸ್ತಕದಲ್ಲಿ ಹೇಗಿರುತ್ತೆ? ಇದನ್ನ ಹೇಳಿದಾಗ ಹುಡುಗ ಹಣೆ ಚಚ್ಕೊಂಡ. ಹಾಗಾದ್ರೆ 1906ರಿಂದ ಈಚೆಗೆ ಸಿಕ್ಕ ಶಾಸನಗಳು ಮೊದಲು ಎಲ್ಲಿ ಅಚ್ಚಾಗ್ತಿದ್ವು? ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ. ರೈಸ್ 1906ರಲ್ಲಿ ನಿವೃತ್ತರಾದ್ರು, ಅವರ ಜಾಗಕ್ಕೆ ಬಂದವರು ನರಸಿಂಹಾಚಾರ್, 1922ರ ತನಕ ಅವರೇ, ಪ್ರತಿ ವರ್ಷ ಯಾವ್ಯಾವ ಊರು ಸುತ್ತಿದ್ವಿ, ಯಾವ ಗುಡಿ ನೋಡಿದ್ವಿ, ಯಾವ ಹೊಸ ಶಾಸನ ಸಿಕ್ತು, ಯಾವ ಓಲೆಗರಿ ಸಿಕ್ತು ಅಂತ ವರದಿ. (ಕರ್ಣಾಟಕ ಕವಿಚರಿತೆ ಬರೆದ ನರಸಿಂಹಾಚಾರ್ಯರೂ ಇವರೇ, ಹುಡುಗ ಬಿಬ್ಲಿಯೋಗ್ರಫೀಲಿ ಇಬ್ಬರು ಬೇರೆ ಬೇರೆ ಮನುಷ್ಯರು ಮಾಡಿದ್ದ, ಒಂದು ಕಡೆ ಆಚಾರ್, ಒಂದು ಕಡೆ ಆಚಾರ್ಯ.) ಈ ವರದಿಗಳು ಓದೋಕೆ ಎಷ್ಟು ಚೆಂದ ಅಂದ್ರೆ, ಸರ್ಕಾರಿ ವರದಿ ಅನ್ಸಲ್ಲ. ನನ್ನ ಮಟ್ಟಿಗೆ ನಮ್ಮ ಲೈಬ್ರರೀಲಿ ಅತಿ ಕಮ್ಮಿ ಮುಟ್ಟೋ ಅತಿ ಬೆಲೆಬಾಳೋ ಸಾಲು ಇದು.

ಮುಟ್ಟದೇ ಇರೋಕೆ ಕಾರಣನೂ ಇದೆ. ಓಪ್ಯಾಕ್‌ನಲ್ಲಿ ನರಸಿಂಹಾಚಾರ್ ಅಂತ ಹುಡುಕಿದ್ರೆ ಕವಿಚರಿತೆ ಬರುತ್ತೆ, ವರದಿ ಬರಲ್ಲ. ಯಾಕಂದ್ರೆ ಇಲಾಖೆ ವರದಿಗೆ ಲೇಖಕ ಅಂದ್ರೆ ವ್ಯಕ್ತಿ ಅಲ್ಲ, ಇಲಾಖೆ. ಕ್ಯಾಟಲಾಗ್ ನಿಯಮದ ಪ್ರಕಾರ ಮೈಸೂರು ಸಂಸ್ಥಾನ, ಪುರಾತತ್ವ ಇಲಾಖೆ ಅನ್ನೋ ಹೆಸರಿನ ಕೆಳಗೆ ಎಂಟ್ರಿ, ಅದೂ ಪುಸ್ತಕ ಅಂತಲ್ಲ, ಸೀರಿಯಲ್ ಅಂತ, ಅಂದ್ರೆ ಕಂತುಕಂತಾಗಿ ಬರೋ ಪ್ರಕಟಣೆ. ನಮ್ಮ ಓಪ್ಯಾಕ್ ತೆರೆದ ಕೂಡ್ಲೆ ಬರೋ ಬಾಕ್ಸ್ ಪುಸ್ತಕ ಮಾತ್ರ ಹುಡುಕುತ್ತೆ, ಸೀರಿಯಲ್ ಬೇಕಂದ್ರೆ ಅಡ್ವಾನ್ಸ್ಡ್ ಸರ್ಚ್‌ಗೆ ಹೋಗಿ ಟಿಕ್ ಬದಲಾಯಿಸ್ಬೇಕು. ಹುಡುಗನಿಗೆ ಇದನ್ನ ಯಾರೂ ಹೇಳಿರಲಿಲ್ಲ, ಓರಿಯೆಂಟೇಶನ್ ದಿನ ನಾವು ತೋರ್ಸೋದು ಬುಕ್ ಇಶ್ಯೂ ಕೌಂಟರ್, ರೀಡಿಂಗ್ ರೂಮು, ವೈಫೈ ಪಾಸ್‌ವರ್ಡು. ಲೇಖಕರ ಹೆಸರಿಗೆ ಬದಲು ಇಲಾಖೆ ಹೆಸರು ಹಾಕಿ ನೋಡು ಅಂದೆ, ಪೂರ್ತಿ ಸಾಲು ತೆರೀತು, ನಡುನಡುವೆ ಕೆಲವು ವರ್ಷ ಇಲ್ಲ, ಆದ್ರೆ ನಮಗೆ ಬೇಕಾದ ಆಸುಪಾಸಿನವು ಇದ್ವು.

ಇದರ ಮಧ್ಯೆ ಹುಡುಗ ಮೊಬೈಲ್‌ನಲ್ಲೇ ಸ್ಕ್ಯಾನ್ ಪ್ರತಿ ಹುಡುಕ್ತಿದ್ದ. ಹಳೇ ಶಾಸನ ಸಂಪುಟಗಳು, ವರದಿಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಬೇಕಾದಷ್ಟಿವೆ, ಅದು ದೊಡ್ಡ ಉಪಕಾರ, ಇಲ್ಲ ಅನ್ನಲ್ಲ. ಆದ್ರೆ ಪಿಡಿಎಫ್ ತೆಗೆದು ಬೆಂಗಳೂರು ಅಂತ ಸರ್ಚ್ ಕೊಟ್ಟು ‘ನೋ ರಿಸಲ್ಟ್ಸ್’ ಬಂದ್ರೆ ಇಲ್ಲ ಅಂತ ಅರ್ಥ ಅಲ್ಲ. ಆ ಕಾಲದ ಇಂಗ್ಲಿಷ್ ಅಚ್ಚಲ್ಲಿ ದೀರ್ಘ ಸ್ವರಕ್ಕೆ ಅಕ್ಷರದ ತಲೆ ಮೇಲೆ ಟೋಪಿ ಥರ ಗುರುತು ಹಾಕ್ತಿದ್ರು, ‘ಳೂ’ ಬಂದ ಕಡೆ ಯಂತ್ರ ಅದನ್ನ ಏನೇನೋ ಓದ್ಕೊಳುತ್ತೆ. ಕನ್ನಡ ಲಿಪಿಯ ಪುಟಗಳಂತೂ ಅಕ್ಷರಗಳ ಕಸ. ಸ್ಕ್ಯಾನ್ ಇದ್ರೂ ಕಣ್ಣಲ್ಲೇ ಓದ್ಬೇಕು, ಒಂದೊಂದೇ ಪುಟ. ಇನ್ನೊಂದು, ಪಿಡಿಎಫ್ ಕೆಳಗೆ ತೋರ್ಸೋ ಪುಟ ಸಂಖ್ಯೆ ಮತ್ತೆ ಅಚ್ಚಾದ ಪುಟ ಸಂಖ್ಯೆ ಬೇರೆ, ಮುಖಪುಟ, ಸರ್ಕಾರಿ ಆದೇಶ, ಪರಿವಿಡಿ ಎಲ್ಲಾ ಸೇರಿ ಪಿಡಿಎಫ್ ಎಣಿಕೆ ಮುಂದೆ ಹೋಗಿರುತ್ತೆ. ಅಡಿಟಿಪ್ಪಣಿಗೆ ಅಚ್ಚಾದ ಪುಟನೇ ಬೇಕು. ಇದು ಚಿಕ್ಕ ವಿಷ್ಯ ಅನ್ಸುತ್ತೆ, ನಾನು ನೋಡೋ ಡಿಸರ್ಟೇಶನ್‌ಗಳಲ್ಲಿ ಪುಟ ತಪ್ಪಾಗೋದು ಬಹುಪಾಲು ಇಲ್ಲೇ.

ಅಟೆಂಡರ್ ಅಣ್ಣ ಮೇಲಿನ ಸ್ಟ್ಯಾಕ್‌ನಿಂದ ವರದಿಗಳ ಸಂಪುಟ ತಂದ್ಕೊಟ್ರು. ಕಾಗದ ಎಷ್ಟು ಒಣಗಿದೆ ಅಂದ್ರೆ ಮಡಿಚಿದ್ರೆ ಹಪ್ಪಳದ ಥರ ಮುರಿಯುತ್ತೆ, ಹಾಗಾಗಿ ಜೆರಾಕ್ಸ್ ಇಲ್ಲ, ಮೇಜಿನ ಮೇಲೆ ಇಟ್ಟು ಫೋಟೋ ತಗೋಬಹುದು ಅಷ್ಟೆ. ಹುಡುಗ ಕೂತು ಓದ್ದ. ಬೇಗೂರು ಸಿಕ್ತು, ನಾಗೇಶ್ವರ ಗುಡಿ ಸಿಕ್ತು, ಬೆಂಗಳೂರಿನ ಕಾಳಗದ ಮಾತು ಸಿಕ್ತು, ರಾಜಧಾನಿಯ ಹೆಸರು ಇಷ್ಟು ಹಿಂದಕ್ಕೆ ಹೋಗುತ್ತಲ್ಲ ಅನ್ನೋದರ ಮಹತ್ವನೂ ಸಿಕ್ತು. ಬೆಂದಕಾಳೂರು ಕತೆ ಗಂಗರಿಗಿಂತ ಆಮೇಲಿನ ಹೊಯ್ಸಳ ಬಲ್ಲಾಳನ ಹೆಸರಿಗೆ ಅಂಟ್ಕೊಂಡಿರೋದು, ಗಂಗರ ಕಲ್ಲಲ್ಲೇ ಊರಿನ ಹೆಸರಿದ್ಮೇಲೆ ಆ ಕತೆ ಕತೆಯಾಗೇ ಉಳಿಯುತ್ತೆ, ಅದಕ್ಕೇ ಈ ಕಲ್ಲಿಗೆ ಇಷ್ಟು ಬೆಲೆ.

ಓದಿದ್ಮೇಲೆ ಅವನ ವಾಕ್ಯದಲ್ಲಿ ಇನ್ನೂ ಎರಡು ಬಿರುಕು ಕಾಣಿಸ್ತು, ಇವು ಅವನಿಗೇ ಕಾಣಿಸಿದ್ದು, ನಾನು ಹೇಳಿದ್ದಲ್ಲ.

ಒಂದು ಇಸವಿ. ‘ಕ್ರಿ.ಶ. 890ರ ಶಾಸನ’ ಅಂತ ಬರ್ದಿದ್ದ, ಕಲ್ಲಿನ ಮೇಲೆ ಇಸವಿ ಕೊರೆದಿದಾರೆ ಅನ್ನೋ ಥರ. ಆ ಕಾಲ ಹೇಳಿರೋದು ಲಿಪಿಯ ರೂಪ, ನಾಗತ್ತರ ಎರೆಯಪ್ಪನ ಕಾಲದವನು ಅನ್ನೋ ಲೆಕ್ಕ ಇಂಥವುಗಳಿಂದ. ಅಂದ್ರೆ ‘ಸುಮಾರು’ ಅನ್ನೋ ಮಾತು ಬೇಕೇ ಬೇಕು. ವೆಬ್ಬಿನಲ್ಲಿ ಒಬ್ಬರಿಂದ ಒಬ್ಬರು ಕಾಪಿ ಮಾಡ್ತಾ ಮಾಡ್ತಾ ಮೊದಲು ಉದುರಿ ಹೋಗೋದೇ ಈ ‘ಸುಮಾರು’.

ಎರಡನೇದು ಇನ್ನೂ ದೊಡ್ಡದು. ಅಧ್ಯಾಯದ ಮುಂದಿನ ಪ್ಯಾರಾದಲ್ಲಿ ಅವನು ತುಂಬೆಪಾಡೀಲಿ ಸತ್ತ ನಾಗತ್ತರ ಮತ್ತೆ ಬೆಂಗಳೂರು ಕಾಳಗದಲ್ಲಿ ಮಗನ್ನ ಕಳ್ಕೊಂಡ ನಾಗತ್ತರ ಒಬ್ಬನೇ ಅಂತ ತಗೊಂಡು, ಅಪ್ಪ ಮಗ ಇಬ್ಬರೂ ಗಂಗರಿಗಾಗಿ ಪ್ರಾಣ ಕೊಟ್ಟರು ಅಂತ ಭಾವುಕವಾಗಿ ಬರ್ದಿದ್ದ. ಆದ್ರೆ 83ನೇ ಶಾಸನನೇ ಹೇಳೋದು ನಾಗತ್ತರ ಪಟ್ಟವನ್ನ ಇರುಗನಿಗೆ ಕಟ್ಟಿದ್ರು ಅಂತ. ಅಂದ್ರೆ ಅದು ಪಟ್ಟದ ಹೆಸರು, ಒಬ್ಬನಾದ ಮೇಲೆ ಇನ್ನೊಬ್ಬ ಅದೇ ಹೆಸರಿನವನಾಗ್ತಾನೆ. ಹಂಗಿದ್ಮೇಲೆ ಎರಡು ಕಲ್ಲಿನ ನಾಗತ್ತರ ಒಬ್ಬನೇ ಅಂತ ಬೇರೆ ಆಧಾರ ಇಲ್ದೆ ಹೇಳೋಕಾಗಲ್ಲ. ಇಡೀ ಪ್ಯಾರಾ ಹೋಯ್ತು. ಬೇಜಾರಾದ, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಅದೇ ಜಾಗದಲ್ಲಿ ಪಟ್ಟ ಕಟ್ಟೋ ಪದ್ಧತಿ ಬಗ್ಗೆ ಬರೀತೀನಿ ಅಂದ. ನನ್ನ ಪ್ರಕಾರ ಅದೇ ಆ ಡಿಸರ್ಟೇಶನ್‌ನ ಅತ್ಯುತ್ತಮ ಪ್ಯಾರಾ ಈಗ. ಅಡಿಟಿಪ್ಪಣಿ ಸರಿ ಮಾಡೋಕೆ ಹೋಗಿ ವಾದನೇ ಬದಲಾಯ್ತು, ರೆಫರೆನ್ಸಿಂಗ್ ಅಂದ್ರೆ ಕೊನೇ ವಾರದಲ್ಲಿ ಕಾಮಾ ಫುಲ್‌ಸ್ಟಾಪ್ ಜೋಡಿಸೋ ಕೆಲಸ ಅಂದ್ಕೊಂಡಿರೋರಿಗೆ ನಾನು ಈ ಕೇಸ್ ಹೇಳೋದು ಅದಕ್ಕೇ.

ಅಡಿಟಿಪ್ಪಣಿ ಹೇಗೆ ಬರೆಯೋದು ಅನ್ನೋದಕ್ಕೂ ಒಂದಿಷ್ಟು ಚರ್ಚೆ ಆಯ್ತು. ವರದಿಗೆ ಎರಡು ಇಸವಿ ಇರುತ್ತೆ. ಮೈಸೂರು ಸರ್ಕಾರದ ವರ್ಷ ಜೂನ್ 30ಕ್ಕೆ ಮುಗೀತಿತ್ತು, ವರದಿ ಯಾವ ವರ್ಷಕ್ಕೆ ಸೇರಿದ್ದು ಅನ್ನೋದು ಒಂದು, ಬೆಂಗಳೂರಿನ ಸರ್ಕಾರಿ ಪ್ರೆಸ್‌ನಲ್ಲಿ ಅಚ್ಚಾಗಿ ಹೊರಗೆ ಬಂದಿದ್ದು ಇನ್ನೊಂದು. ಬರೀ ಅಚ್ಚಾದ ಇಸವಿ ಹಾಕಿದ್ರೆ ಓದೋರು ತಪ್ಪು ಸಂಪುಟ ತೆಗೀತಾರೆ. ಅದಕ್ಕೆ ವರದಿಯ ವರ್ಷ ಶೀರ್ಷಿಕೆ ಜೊತೆಗೆ, ಅಚ್ಚಾದ ವರ್ಷ ಪ್ರಕಟಣೆ ವಿವರದಲ್ಲಿ, ಎರಡೂ ಇರ್ಲಿ ಅಂತ ತೀರ್ಮಾನ. ವೀರಗಲ್ಲಿಗೆ ‘ಎ.ಕ. 9 (1905), ಬೆಂ. 83’, ಮತ್ತೆ ಆವೃತ್ತಿ ಯಾವುದು ಅಂತ ಮೊದಲ ಸಲ ಬಂದಾಗ ಸ್ಪಷ್ಟವಾಗಿ. ಇದು ಯಾಕೆ ಅಂದ್ರೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನ ತರೋಕೆ ಶುರು ಮಾಡ್ತು, ಅಲ್ಲಿ ಸಂಪುಟದ ಹಂಚಿಕೆ, ಶಾಸನ ಸಂಖ್ಯೆ ಎರಡೂ ಹೊಸದು. ಹಳೇ 3ನೇ ಸಂಪುಟ ಮತ್ತೆ ಹೊಸ 3ನೇ ಸಂಪುಟ ಒಂದೇ ಅಲ್ಲ, ಹಳೇದು ಮೈಸೂರು ಜಿಲ್ಲೆಯ ಒಂದು ಭಾಗ, ಹೊಸದರಲ್ಲಿ ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆ. ಎರಡೂ ಬಳಸೋರು ಸಂಪುಟದ ಪಕ್ಕ ಇಸವಿ ಹಾಕ್ದೇ ಹೋದ್ರೆ ಆ ಉಲ್ಲೇಖ ಎಲ್ಲಿಗೂ ಕರ್ಕೊಂಡು ಹೋಗಲ್ಲ.

ಪೂರಕ ಸಂಪುಟದ ಉಲ್ಲೇಖ ಬಿಟ್ವಿ. ನೋಡ್ದೇ ಇರೋದನ್ನ ಹಾಕೋ ಹಾಗಿಲ್ಲ, ಹಾಕ್ಲೇಬೇಕು ಅಂದ್ರೆ ‘ಇಂಥವರ ಲೇಖನದಲ್ಲಿ ಉಲ್ಲೇಖಿತ’ ಅಂತ ಹೇಳಿ ಹಾಕ್ಬೇಕು. ವರದಿ ಕೈಲಿ ಇರುವಾಗ ಅದರ ಅಗತ್ಯ ಇರಲಿಲ್ಲ. ಪಿಎಚ್‌ಡಿ ಪ್ರಬಂಧಗಳನ್ನ ಇಟ್ಟಿರೋ ಶೋಧಗಂಗಾ ವೆಬ್‌ಸೈಟ್‌ನಲ್ಲಿ ಗಂಗರ ಬಗ್ಗೆ ಪಿಎಚ್‌ಡಿಗಳು ಸಿಕ್ವು, ಅವನ್ನ ಮೂಲ ಅಂತ ಬಳಸ್ಲಿಲ್ಲ, ಅವುಗಳ ಹಿಂದಿನ ಗ್ರಂಥಸೂಚಿ ನೋಡಿ ಇನ್ನೇನು ಓದ್ಬೇಕು ಅಂತ ಪಟ್ಟಿ ಮಾಡ್ಕೊಂಡ, ಅದಕ್ಕೆ ಶೋಧಗಂಗಾ ತುಂಬಾ ಒಳ್ಳೇದು. ದೇವಸ್ಥಾನಕ್ಕೆ ಹೋಗಿ ಕಲ್ಲನ್ನೂ ನೋಡ್ಕೊಂಡು ಬಂದ, ಗುಡಿ ಅಂಗಳದಲ್ಲಿ ತನ್ನದೇ ಫೋಟೋ ತೆಗೆದ, ಮ್ಯೂಸಿಯಂ ಫೋಟೋ ಅದರ ಸರಿಯಾದ ಜಾಗಕ್ಕೆ, ಅಂದ್ರೆ ತುಂಬೆಪಾಡಿ ಭಾಗಕ್ಕೆ ಹೋಯ್ತು.

ಜೋಟೆರೋ ಹಾಕ್ಕೊಂಡಿದ್ದ, ರೆಫರೆನ್ಸ್ ಜೋಡಿಸ್ಕೊಡೋ ಫ್ರೀ ಸಾಫ್ಟ್‌ವೇರ್, ಕನ್ನಡ ಲಿಪಿ ತಗೊಳುತ್ತೆ. ಆದ್ರೆ ನಮ್ಮ ಹೆಸರುಗಳಿಗೆ ಅದರ ಬುದ್ಧಿ ಸಾಲದು, ಕೊನೇ ಹೆಸರು ಮೊದಲ ಹೆಸರು ಅಂತ ಎರಡು ಡಬ್ಬಿ, ‘ಆರ್.’ ಅನ್ನೋದನ್ನ ಎಲ್ಲಿ ಹಾಕಿದ್ರೂ ಒಂದೊಂದು ಥರ ಬರುತ್ತೆ. ಶಾಸನಕ್ಕೆ ಅಂತ ಬೇರೆ ವಿಧನೇ ಇಲ್ಲ. ಕನ್ನಡದ ಬಿಬ್ಲಿಯೋಗ್ರಫಿಯನ್ನ ಕೊನೇಲಿ ಕೈಯಾರೆ ತಿದ್ದೋದು ಅನಿವಾರ್ಯ, ಯಾರು ಏನೇ ಹೇಳ್ಲಿ.

ಕೊನೇ ಘಟ್ಟದಲ್ಲಿ ಹುಡುಗನಿಗೆ ಪ್ಲೇಜಿಯರಿಸಂ ಭಯ ಹಿಡೀತು. ಶಾಸನ ಪಾಠ ಉದ್ಧರಿಸಿದ್ರೆ ಸಾಫ್ಟ್‌ವೇರ್ ಕಾಪಿ ಅನ್ನುತ್ತಾ, ಪರ್ಸೆಂಟ್ ಏರುತ್ತಾ ಅಂತ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರ ತನಕ ಹೋಲಿಕೆಗೆ ದಂಡ ಇಲ್ಲ, ಮತ್ತೆ ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ ಇವೆಲ್ಲಾ ಲೆಕ್ಕದಿಂದ ಹೊರಗೆ, ಸಾಮಾನ್ಯ ತಿಳಿವಳಿಕೆಯ ಮಾತು 14 ಪದ ಒಟ್ಟಿಗೆ ಬಂದ್ರೂ ಬಿಡ್ತಾರೆ. ಅವನ ಮೊದಲ ಡ್ರಾಫ್ಟ್‌ನ ವೆಬ್ ಪುಟದಿಂದ ಎತ್ತಿದ್ದ ಪ್ಯಾರಾಗಳು ಅಷ್ಟೊತ್ತಿಗೆ ಹೇಗೂ ಮಾಯ ಆಗಿದ್ವು, ಮೂಲ ಓದಿದ್ಮೇಲೆ ಆ ವಾಕ್ಯಗಳು ನಿಲ್ಲೋ ಸ್ಥಿತೀಲೇ ಇರಲಿಲ್ಲ. ರಿಪೋರ್ಟ್ ತೊಂದ್ರೆ ಇಲ್ದೆ ಬಂತು.

ತಿದ್ದಿದ ವಾಕ್ಯ ಹೀಗಿದೆ: ‘ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರದೆಂದು ಗುರುತಿಸಲಾದ ಶಾಸನದಲ್ಲಿ ಬೆಂಗಳೂರು ಎಂಬ ಊರಿನ ಹೆಸರಿದೆ. ಇದು ಅದೇ ಊರಿನ ಎರೆಯಪ್ಪನ ಕಾಲದ ವೀರಗಲ್ಲಿಗಿಂತ ಬೇರೆ.’ ಕೆಳಗೆ ಎರಡು ಟಿಪ್ಪಣಿ, ಒಂದೊಂದು ಕಲ್ಲಿಗೆ ಒಂದೊಂದು. ಗೈಡ್ ಇದಕ್ಕೆ ಕೆಂಪು ಹಾಕ್ಲಿಲ್ಲ, ಪಕ್ಕದಲ್ಲಿ ಒಂದು ಸಣ್ಣ ಟಿಕ್ಕು. ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದ್ದು ಲಿಪಿ ನೋಡಿ ಕಾಲ ಹೇಳೋದು ಎಷ್ಟರ ಮಟ್ಟಿಗೆ ನಂಬಬಹುದು ಅಂತ, ಅದಕ್ಕೆ ಹುಡುಗ ತಡವರಿಸದೆ ಉತ್ತರ ಕೊಟ್ಟ ಅಂತ ಅವನ ಕ್ಲಾಸ್‌ಮೇಟ್ ಬಂದು ಹೇಳಿದ್ಳು.

ನಮ್ಮ ಕಡೆಯಿಂದ ಆದ ಬದಲಾವಣೆ ಇಷ್ಟು. ವಾರ್ಷಿಕ ವರದಿಗಳ ಕ್ಯಾಟಲಾಗ್ ಎಂಟ್ರಿಗೆ ಕನ್ನಡ ಲಿಪಿಯ ಶೀರ್ಷಿಕೆ ಸೇರಿಸಿದ್ವಿ, ನರಸಿಂಹಾಚಾರ್ ಅಂತ ಹುಡುಕಿದ್ರೂ ಆ ವರ್ಷಗಳ ವರದಿ ಬರೋ ಹಾಗೆ ಇನ್ನೊಂದು ಎಂಟ್ರಿ ಪಾಯಿಂಟ್, ಆಚಾರ್ ಆಚಾರ್ಯ ಎರಡಕ್ಕೂ. ಎಪಿಗ್ರಾಫಿಯಾ ಕರ್ನಾಟಿಕಾಗೆ ಹಳೇ ಆವೃತ್ತಿ, ಪರಿಷ್ಕೃತ ಆವೃತ್ತಿ ಅಂತ ಬೇರೆ ಬೇರೆ ಟಿಪ್ಪಣಿ. ಸರ್ಚ್ ಬಾಕ್ಸ್‌ನಲ್ಲಿ ಸೀರಿಯಲ್ ಮೊದಲಿಂದಲೇ ಸೇರಿಸೋದಕ್ಕೆ ಸಾಫ್ಟ್‌ವೇರ್ ನೋಡ್ಕೊಳೋರಿಗೆ ಬರ್ದಿದೀವಿ, ಇನ್ನೂ ಆಗಿಲ್ಲ. 1915ರ ಸುಮಾರಿನ ಆ ಸಂಪುಟ ಬೈಂಡಿಂಗ್‌ಗೆ ಹೋಗಿದೆ, ಅಲ್ಲಿ ತನಕ ಬೇಕಾದೋರು ಸ್ಕ್ಯಾನ್ ನೋಡ್ಬೇಕು, ಪುಟ ಮಾತ್ರ ಅಚ್ಚಿಂದೇ ಹಾಕ್ಕೊಳ್ಳಿ.